ಬಚ್ಚ ಮಾಡಿದ ಬಾಲ

ಕುಂದಾಪುರದ ಕೋಡಿಗೆ ಹೋಗಿ ಬಚ್ಚ ಮೊಗವೀರ ಎಂದು ಕೇಳಿದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ತೂತು ಮುಚ್ಚುವ ಬಚ್ಚ ಎಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತಾರೆ. ಮರದ ದೋಣಿಯಿರಲಿ, ಫೈಬರಿನದಿರಲಿ, ನೀರು ಎಲ್ಲಿ ಒಸರುತ್ತದೆ ಎಂಬುದನ್ನು ಅವನು ಅಂಗೈ ಸವರಿಯೇ ಹುಡುಕುತ್ತಾನೆ. ಮಾತು ಕಡಿಮೆ. ಏನಾದರೂ ಕೇಳಿದರೆ ಮೊದಲು ನೆಲ ನೋಡುತ್ತಾನೆ, ಆಮೇಲೆ ಉತ್ತರ ಕೊಡುತ್ತಾನೆ.

1997ರಲ್ಲಿ, ಎಂಟನೇ ಕ್ಲಾಸಿನ ನಡುವೆ, ಅವನು ಶಾಲೆ ಬಿಟ್ಟ. ಬಿಡಿಸಿದವರು ಯಾರೂ ಇಲ್ಲ. ಎದ್ದು ನಿಂತು ಪಾಠ ಓದು ಎಂದಾಗ ಗಂಟಲು ಕಟ್ಟಿಕೊಳ್ಳುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು, ಅಷ್ಟೇ. ಒಂದು ದಿನ ಚೀಲ ಹಾಕಿಕೊಂಡು ಶಾಲೆಗೆಂದು ಹೊರಟವನು ಹೊಳೆಬದಿಯಲ್ಲಿ ಸುಬ್ಬಣ್ಣ ದೋಣಿ ಕಟ್ಟುತ್ತಿದ್ದ ಚಪ್ಪರದ ಮೂಲೆಯಲ್ಲಿ ಕೂತ. ಮರುದಿನವೂ ಅಲ್ಲೇ ಕೂತ. ಮೂರನೆಯ ದಿನ ಸುಬ್ಬಣ್ಣ ಬೀಡಿ ಕಚ್ಚಿಕೊಂಡೇ ಹೇಳಿದ, "ಸುಮ್ನೆ ಕೂಕಂಬುಕೆ ಇಲ್ಲ್ ಎಂತ ಸಿನೆಮಾ ತೋರ್ಸ್ತಿತ್ತಾ? ತಕೋ, ಈ ಹತ್ತಿ ಹೊಸಿ."

ಹಲಗೆಗಳ ಸಂದಿಗೆ ಹತ್ತಿಯ ಎಳೆ ತುಂಬಿ ರಾಳದೆಣ್ಣೆ ಬಳಿಯುವ ಕೆಲಸದಿಂದ ಅವನ ವಿದ್ಯೆ ಶುರುವಾಯಿತು. ಸುಬ್ಬಣ್ಣನ ಚಪ್ಪರದಲ್ಲಿ ಒಂದು ಕಟ್ಟಳೆ ಇತ್ತು. ಕೆಲಸದವನ ಕೈತಪ್ಪಿ ಎಲ್ಲಾದರೂ ಬೈರಿಗೆ ಬಿದ್ದು ಹಲಗೆಗೆ ತೂತಾದರೆ, ಕಂಡವನು ಅದನ್ನು ಬಾಯಿಬಿಟ್ಟು ಹೇಳಬಾರದು. ಸುಮ್ಮನೆ ಮುಚ್ಚಿಬಿಡಬೇಕು. ಇನ್ನೂ ನೀರು ಕಾಣದ ದೋಣಿಯ ಎದುರು ತೂತು ಎಂದು ಕೂಗಿದರೆ ದೋಣಿಗೂ ಕೇಡು, ಮಾಡಿದವನಿಗೂ ಅವಮಾನ. "ಕಣ್ಣಗ್ ಕಾಣ್, ಕೈಯಗ್ ಮುಚ್ಚ್, ಬಾಯಿ ಬ್ಯಾಡ," ಎನ್ನುತ್ತಿದ್ದ ಸುಬ್ಬಣ್ಣ. ಬಾಯಿ ಬೇಡದ ಕೆಲಸ ಎನ್ನುವುದೇ ಬಚ್ಚನಿಗೆ ದೊಡ್ಡ ಸಮಾಧಾನವಾಗಿತ್ತು. ದೋಣಿ ಮುಗಿದ ದಿನ ಅದರೊಳಗೆ ಕೊಡಗಟ್ಟಲೆ ನೀರು ಹೊಯ್ದು, ಎಲ್ಲರೂ ಅಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಒಂದು ಹನಿಯೂ ಹೊರಗೆ ಬರದಿದ್ದರೆ ಸುಬ್ಬಣ್ಣ ಚಾ ತರಿಸುತ್ತಿದ್ದ.

ಹತ್ತು ವರ್ಷ ಹೀಗೇ ಕಳೆಯಿತು. ಸುಬ್ಬಣ್ಣ ತೀರಿಕೊಂಡ ಮೇಲೆ ಚಪ್ಪರ ಬಚ್ಚನ ಪಾಲಿಗೆ ಬಂತು. ಆಗ ಒಂದು ದಿನ ಕೋಟದಿಂದ ಹೇಳಿಕಳಿಸಿದರು. ಹೆದ್ದಾರಿ ಬದಿಯ ಹೋಟೆಲಿನ ರಾಜೀವ ಶೆಟ್ಟರಿಗೆ ತೆಳು ತಗಡಿಗೆ ಮೊಳೆ ಕೂರಿಸಲು ನಿಧಾನದ ಕೈಯೊಂದು ಬೇಕಂತೆ.

ರಾಜೀವ ಶೆಟ್ಟರದ್ದು ಇನ್ನೊಂದು ಕತೆ. ಅವರೂ ಮೀಸೆ ಬರುವ ಮೊದಲೇ ಶಾಲೆ ಬಿಟ್ಟು ಮುಂಬಯಿಯ ಮಾವನ ಹೋಟೆಲಿಗೆ ಕಪ್ಪು ತೊಳೆಯಲು ಹೋದವರು. ಆ ಹೋಟೆಲಿನ ಹತ್ತಿರ ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡು ಇತ್ತು. ದಿನಕ್ಕೆ ಎರಡು ಸಲ ಚಾದ ಗ್ಲಾಸುಗಳ ತಂತಿಬುಟ್ಟಿ ಹಿಡಿದು ಅಲ್ಲಿಗೆ ಹೋಗಬೇಕು. ಬುಟ್ಟಿ ಇಟ್ಟ ಹುಡುಗ ಖಾಲಿ ಗ್ಲಾಸಿಗೆ ಕಾಯುವ ನೆಪದಲ್ಲಿ ಅಲ್ಲೇ ನಿಲ್ಲುತ್ತಿದ್ದ. ಬಿಚ್ಚಿಟ್ಟ ರೆಕ್ಕೆಯ ಒಳಗೆ ಮೀನಿನ ಮುಳ್ಳಿನ ಹಾಗೆ ಸಾಲಾಗಿ ಪಕ್ಕೆಗಳಿರುತ್ತವೆ ಎಂಬುದು ಅವನಿಗೆ ಆಗಲೇ ಗೊತ್ತಾಯಿತು. ಮುಂದೆ ಅವನೇ ಹೋಟೆಲು ಮಾಡಿದ, ಮದುವೆಯಾದ, ಊರಿಗೆ ಬಂದು ಕೋಟದಲ್ಲಿ ಬೋರ್ಡು ಹಾಕಿದ. ಆದರೆ ಆ ಶೆಡ್ಡಿನ ಬಾಗಿಲಲ್ಲಿ ನಿಂತ ಹುಡುಗ ಶೆಟ್ಟರ ಒಳಗಿನಿಂದ ಆಚೆ ಹೋಗಲೇ ಇಲ್ಲ.

ಮನೆಯಲ್ಲೇ ಜೋಡಿಸಿಕೊಳ್ಳುವ ವಿಮಾನಗಳು ಇವೆ ಎಂದು ಅವರಿಗೆ ಯಾರೋ ಕಂಪ್ಯೂಟರಿನಲ್ಲಿ ತೋರಿಸಿದ್ದರು. ಅಮೆರಿಕದ ಕಂಪೆನಿ ಮೊದಲು ಬಾಲದ ಭಾಗಗಳನ್ನು ಮಾತ್ರ ಕಳಿಸುತ್ತದೆ. ಬಾಲ ಸರಿಯಾಗಿ ಕಟ್ಟಿ ಕೈ ಕೂತಿದೆ ಅನಿಸಿದರೆ ರೆಕ್ಕೆ ತರಿಸಿಕೊಳ್ಳುವುದು, ಆಮೇಲೆ ಒಡಲು, ಕೊನೆಗೆ ಎಂಜಿನ್ನು. ಹೋಟೆಲಿನ ಹಿಂದೆ ಹಳೆಯ ಅಕ್ಕಿ ಗೋದಾಮಿನಲ್ಲಿ ಉದ್ದದ ಮರದ ಪೆಟ್ಟಿಗೆ ಬಂದು ಕೂತಿತ್ತು.

"ಬಚ್ಚ, ಇದ್ ಎಂತ, ಹೇಳ್ ಕಾಂಬ," ಎಂದರು ಶೆಟ್ಟರು, ಮುಚ್ಚಳ ಎತ್ತಿ.

ಬಚ್ಚ ನೆಲ ನೋಡಿ, ಆಮೇಲೆ ಪೆಟ್ಟಿಗೆ ನೋಡಿದ. "ತಗಡ್."

"ತಗಡಲ್ಲ ಮಾರಾಯ. ವಿಮಾನ."

"ಬಾಕಿದ್ದ್ ಎಲ್ಲಿತ್ತ್?"

ಚಾ ತಂದ ಪ್ರಫುಲ್ಲಾ, ಶೆಟ್ಟರ ಹೆಂಡತಿ, ಗ್ಲಾಸು ಇಡುತ್ತಾ ಹೇಳಿದರು, "ಹಾಂಗೇ ಕೇಣ್ ಬಚ್ಚ. ಬೇರೆಯವ್ರ್ ಗಂಡಂದಿರ್ ಅಮೆರಿಕದಿಂದ ಸೆಂಟ್ ತರ್ಸ್ತ್ರ್. ನಮ್ಮವ್ರ್ ಬಾಲ ತರ್ಸಿರ್. ಮಂಡೆ ಯಾವಾಗ ಬತ್ತ್ ಅಂತ ನಾನೂ ಕಾಯ್ತಿದ್ದೆ."

ಶೆಟ್ಟರು ನಕ್ಕರು. ಬಚ್ಚ ನಗಲಿಲ್ಲ. ಅವನು ಒಂದು ತಗಡನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಅದು ಇಷ್ಟು ಹಗುರ ಯಾಕೆ ಎಂದು ಆಶ್ಚರ್ಯದಿಂದ ನೋಡುತ್ತಿದ್ದ.

ವಾರದಲ್ಲಿ ಮೂರು ದಿನ ಕೋಡಿಯಲ್ಲಿ ದೋಣಿ, ಮೂರು ದಿನ ಕೋಟದಲ್ಲಿ ಬಾಲ ಎಂದಾಯಿತು. ಬಾಲ ಎಂದರೆ ಐದು ತುಂಡು. ನೆಟ್ಟಗೆ ನಿಲ್ಲುವ ರೆಕ್ಕೆ ಒಂದು, ಅದರ ಹಿಂದೆ ಬಾಗಿಲಿನಂತೆ ತಿರುಗುವ ಚುಕ್ಕಾಣಿ ಒಂದು. ಅಡ್ಡ ಮಲಗುವ ರೆಕ್ಕೆ ಒಂದು, ಅದರ ಹಿಂದೆ ಎಡಬದಿಗೊಂದು ಬಲಬದಿಗೊಂದು, ಕೀಲಿನ ಮೇಲೆ ಆಡುವ ಎರಡು ಹಲಗೆ. ಈ ಹಲಗೆಗಳು ಮೇಲೆ ಕೆಳಗೆ ಆಡಿದರೆ ವಿಮಾನ ಏರುತ್ತದೆ, ಇಳಿಯುತ್ತದೆ. ಅವುಗಳಿಗೆ ಪುಸ್ತಕದಲ್ಲಿ ಇಂಗ್ಲಿಷಿನ ಹೆಸರಿತ್ತು. ಇವರಿಬ್ಬರೂ ಏರಿಳಿ ಹಲಗೆ ಎಂದು ಕರೆದರು. ಚುಕ್ಕಾಣಿ ಎಂಬ ಮಾತು ಬಂದಾಗ ಮಾತ್ರ ಬಚ್ಚನಿಗೆ ಮನೆಗೆ ಬಂದ ಹಾಗಾಯಿತು.

ಇಂಗ್ಲಿಷ್ ಪುಸ್ತಕವನ್ನು ಶೆಟ್ಟರು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಒಂದು ಪುಟಕ್ಕೆ ಒಂದು ಬೆಳಗು. ತಗಡನ್ನು ಪಕ್ಕೆಗಳ ಮೇಲೆ ಹಾಸಿ, ಸಾಲು ತೂತುಗಳಲ್ಲಿ ರಿವೆಟ್ ಎಂಬ ಗಿಡ್ಡ ಮೊಳೆ ಇಟ್ಟು, ಹೊರಗಿನಿಂದ ಒಬ್ಬ ಗಾಳಿ ಸುತ್ತಿಗೆಯಲ್ಲಿ ಬಡಿಯಬೇಕು. ಒಳಗಿನಿಂದ ಇನ್ನೊಬ್ಬ ಸೋಪಿನಷ್ಟು ದೊಡ್ಡ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಆಗ ರಿವೆಟ್ಟಿನ ಬಾಲ ಒಳಗೆ ಚಪ್ಪಟೆಯಾಗಿ ಕೂರುತ್ತದೆ. ಬಡಿಯುವವನಿಗೆ ಒಳಗಿನದು ಕಾಣುವುದಿಲ್ಲ, ಹಿಡಿಯುವವನಿಗೆ ಹೊರಗಿನದು ಕಾಣುವುದಿಲ್ಲ. ಕಂಪ್ರೆಸರಿನ ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೆ ತಟ್ಟುವ ಭಾಷೆಯೊಂದು ಹುಟ್ಟಿತು. ಒಳಗಿನವನು ಗಟ್ಟಿಯಿಂದ ಒಮ್ಮೆ ತಟ್ಟಿದರೆ ಸರಿಯಾಗಿದೆ, ಮುಂದೆ ಹೋಗು. ಎರಡು ತಟ್ಟಿದರೆ ಇನ್ನೊಮ್ಮೆ ಬಡಿ. ಮೂರು ತಟ್ಟಿದರೆ ಕೆಟ್ಟಿದೆ, ಕೊರೆದು ತೆಗೆಯಬೇಕು.

ಬಾಯಿ ಬೇಡದ ಈ ಭಾಷೆಯಲ್ಲಿ ಬಚ್ಚ ಭಾರೀ ಮಾತುಗಾರನಾದ. ಮೊದಮೊದಲು ಮೂರು ತಟ್ಟಲು ಅವನಿಗೆ ಸಂಕೋಚ. ಧಣಿಗಳ ಹೊಡೆತ ಕೆಟ್ಟಿದೆ ಎಂದು ಹೇಳುವುದು ಹೇಗೆ? ಶೆಟ್ಟರೇ ಗದರಿದರು, "ಮೇಲೆ ಹೋದ್ಮೇಲೆ ಅದ್ ಬಿಟ್ಕಂಡ್ರೆ ನೀ ಬಂದ್ ಹಿಡ್ಕಂತ್ಯಾ? ತಟ್ಟ್ ಮಾರಾಯ, ಮೂರಲ್ಲ ಮೂವತ್ತ್ ತಟ್ಟ್."

ಯಾವ ದಿನದಿಂದ ಅದು ಸಂಬಳದ ಕೆಲಸವಾಗಿ ಉಳಿಯಲಿಲ್ಲ ಎಂದು ಬಚ್ಚನಿಗೆ ಗೊತ್ತಿಲ್ಲ. ಕೋಡಿಯ ದಡದಲ್ಲಿ ಕೂತು ದೋಣಿಗೆ ರೆಸಿನ್ ಬಳಿಯುವಾಗ ಅವನ ಕಣ್ಣು ಮೇಲೆ ಹೋಗುತ್ತಿತ್ತು. ಮೀನಿನ ತಲೆಗೆ ಕಾಯುವ ಹದ್ದುಗಳು ಗಾಳಿಯ ಮೇಲೆ ಅಲುಗಾಡದೆ ನಿಂತಿರುತ್ತವೆ. ತಿರುಗುವ ಮೊದಲು ಬಾಲವೊಂದೇ ಓರೆಯಾಗುತ್ತದೆ, ರೆಕ್ಕೆ ಆಮೇಲೆ. ಇಷ್ಟು ವರ್ಷ ಅದೇ ಹದ್ದುಗಳ ಕೆಳಗೆ ಕೂತಿದ್ದರೂ ಅವನು ಇದನ್ನು ಕಂಡಿರಲಿಲ್ಲ. ಈಗ ಕಂಡಾಗಲೆಲ್ಲ ರೆಸಿನ್ನಿನ ಬ್ರಷ್ಷು ಕೈಯಲ್ಲೇ ಉಳಿಯುತ್ತಿತ್ತು. ಗೋದಾಮಿನ ಗೋಡೆಗೆ ತೂಗುಹಾಕಿದ ಆ ತುಂಡುಗಳು ಹೀಗೆ ಒಮ್ಮೆ ಗಾಳಿಯಲ್ಲಿ ಓರೆಯಾಗುವುದನ್ನು ಕಾಣಬೇಕು. ತಾನು ಹತ್ತಬೇಕೆಂದಲ್ಲ. ಕಾಣಬೇಕು, ಅಷ್ಟೇ. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂದು ಹೇಳಲಿಲ್ಲ.

ಎರಡನೆಯ ವರ್ಷದ ಕೊನೆಗೆ ಶೆಟ್ಟರ ಕೈ ತಪ್ಪತೊಡಗಿತು. ಗುರುತು ಹಾಕಿದಲ್ಲಿ ಡ್ರಿಲ್ ಕೂರುತ್ತಿರಲಿಲ್ಲ. ಒಮ್ಮೆ ಪಕ್ಕಕ್ಕೆ ಜಾರಿ ತಗಡು ಗೀಚಿತು, ಇನ್ನೊಮ್ಮೆ ತೂತು ಕೊರೆದದ್ದು ಪಕ್ಕೆಯ ಮೇಲಲ್ಲ, ಅದರ ಆಚೆ. "ಬೆಳ್ಕ್ ಸಾಲ್ತಿಲ್ಲೆ," ಎಂದು ಟ್ಯೂಬ್‌ಲೈಟ್ ಹಾಕಿಸಿದರು. ಬಚ್ಚ ಏನೂ ಹೇಳದೆ ಆ ತೂತುಗಳಿಗೆ ತೇಪೆ ಹಾಕಿದ.

ಏರಿಳಿ ಹಲಗೆಗಳು ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಬಚ್ಚ ಬಂದು ನೋಡಿದರೆ ಎರಡೂ ಹಲಗೆಗಳ ಅಡಿಭಾಗದಲ್ಲಿ, ತೀರಾ ಕೆಳಗಿನ ಮೂಲೆಯಲ್ಲಿ, ಒಂದೊಂದು ಸಣ್ಣ ತೂತು. ಸುತ್ತ ಪಕ್ಕೆಯಿಲ್ಲ, ರಿವೆಟ್ ಇಲ್ಲ. ಹಿಂದಿನ ಸಂಜೆ ಶೆಟ್ಟರು ಒಬ್ಬರೇ ಕೂತು ಕೊರೆದದ್ದು. ಬಚ್ಚ ಬೆರಳ ತುದಿಯಿಂದ ಅವನ್ನು ಮುಟ್ಟಿ ನೋಡಿದ. ಪಾಪ, ಮತ್ತೆ ತಪ್ಪಿದೆ. ಅದೂ ಅಡಿಯಲ್ಲಿ. ದೋಣಿಯ ಅಡಿಗೆ ತೂತು ಬಿದ್ದರೆ ಕಟ್ಟಿದವನು ಆ ದಿನ ಊಟ ಮಾಡುವುದಿಲ್ಲ.

ಅವನು ಬಾಯಿ ಬಿಡಲಿಲ್ಲ. ಕೋಡಿಯಿಂದ ತಂದ ರೆಸಿನ್ ಪುಟ್ಟಿಯನ್ನು ಕಲಸಿ ತೂತು ಮುಚ್ಚಿ, ಒಣಗಿದ ಮೇಲೆ ಉಜ್ಜಿ, ಮೇಲೆ ಬಣ್ಣ ಹೊಡೆದ. ಅಷ್ಟಕ್ಕೇ ನಿಲ್ಲದೆ, ಉಪ್ಪುಗಾಳಿ ಒಳಗೆ ಹೋಗಬಾರದೆಂದು ಹಿಂದಿನ ಅಂಚಿನ ಸಂದಿಯುದ್ದಕ್ಕೂ ಪುಟ್ಟಿ ತುಂಬಿದ. ಅಂಗೈ ಸವರಿದ. ಎಲ್ಲೂ ತಡೆಯಲಿಲ್ಲ. ಮಧ್ಯಾಹ್ನ ಬಂದ ಶೆಟ್ಟರು ಹಲಗೆಯನ್ನು ಎತ್ತಿ, ಬೆಳಕಿಗೆ ಹಿಡಿದು, "ಲಾಯ್ಕ್ ಆಯ್ತ್," ಎಂದರು. ಮುಚ್ಚಿದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಬೀಳುವ ಹಾಗೂ ಇರಲಿಲ್ಲ. ಅದೇ ತಿಂಗಳು ಕಣ್ಣಿನ ಡಾಕ್ಟರು ಹೇಳಿದರು: ಸಕ್ಕರೆ ಕಾಯಿಲೆ ಕಣ್ಣಿನ ಒಳಪದರಕ್ಕೆ ಇಳಿದಿದೆ. ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳಬಹುದು. ವಿಮಾನ ಹಾರಿಸಲು ಬೇಕಾದ ಸರ್ಟಿಫಿಕೇಟು ಈ ಕಣ್ಣಿಗೆ ಯಾರೂ ಕೊಡುವುದಿಲ್ಲ.

ಶೆಟ್ಟರು ಆ ದಿನ ಗೋದಾಮಿಗೆ ಬಂದು ಬೀಗ ಹಾಕಿ ಕೀಲಿಕೈಯನ್ನು ಬಚ್ಚನ ಕೈಗಿಟ್ಟರು. "ನೀನೇ ಇಟ್ಕೋ. ನಂಗೆ ಒಳ್ಗ್ ಹೋಪುಕೆ ಮನ್ಸಿಲ್ಲೆ." ರೆಕ್ಕೆಗೆ ಬರೆಯಬೇಕಾದ ಆರ್ಡರು ಬರೆಯಲಿಲ್ಲ. ಗಲ್ಲಾದ ಹಿಂದೆ ಕೂತು ಗಿರಾಕಿಗಳನ್ನು ದನಿಯಿಂದ ಗುರುತಿಸಲು ಕಲಿತರು.

2010ರಲ್ಲಿ ಬಚ್ಚನ ಮದುವೆಯಾಯಿತು. ಹೆಂಡತಿ ವನಜ ಶಿರೂರಿನ ಕಡಲಬದಿಯವಳು. ಮಾತಿನ ಮಲ್ಲಿ. ಅವಳ ಮಾತು, ಇವನ ಮೌನ, ಸಂಸಾರಕ್ಕೆ ಸರಿಯಾಗಿ ಹೊಂದಿತು. ಭಾನುವಾರ ಗಂಡ ಬಸ್ಸು ಹತ್ತಿ ಕೋಟಕ್ಕೆ ಹೋಗುವುದು ಯಾಕೆ ಎಂದು ಅವಳು ಮೊದಲು ಅನುಮಾನಪಟ್ಟಳು. ಒಂದು ಭಾನುವಾರ ತಾನೂ ಹೊರಟಳು. ಗೋದಾಮಿನಲ್ಲಿ ಗಂಡ ಮೆತ್ತನೆಯ ಬಟ್ಟೆಯಿಂದ ತಗಡಿನ ರೆಕ್ಕೆಗಳನ್ನು ಒರೆಸುವುದನ್ನು ನೋಡುತ್ತಾ ನಿಂತಳು.

"ಹ್ವಾಯ್, ನಂಗೆ ಎಷ್ಟ್ ಹೆದ್ರಿಕೆ ಆಯಿತ್ತ್ ಗೊತ್ತಿತ್ತಾ? ಬೇರೆ ಹೆಣ್ಣಾರ್ ಇತ್ತೊ ಅಂದೇಳಿ. ಇಲ್ಲ್ ಕಂಡ್ರೆ ನಿಮ್ದ್ ಬಾಲಕ್ಕೆ ಎಣ್ಣೆ ಸ್ನಾನ."

ಬಚ್ಚ ನೆಲ ನೋಡಿದ. ಆಮೇಲೆ, ಯಾರಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದ. "ಇದ್ ಒಂದ್ಸಲ ಹಾರುದ್ ಕಾಣ್ಕ್ ಅಂತ ಆಸೆ, ವನಜ."

ಅವಳು ನಗಲಿಲ್ಲ. ಇನ್ನೊಂದು ಬಟ್ಟೆ ತೆಗೆದುಕೊಂಡಳು.

ಎರಡು ಮಳೆಗಾಲ ಕಳೆಯಿತು. ಗೋದಾಮಿನ ಹಂಚು ಒಡೆದಲ್ಲೆಲ್ಲ ಬಚ್ಚ ಸರಿಮಾಡುತ್ತಿದ್ದ. ಆದರೂ ಆಷಾಢದ ಗಾಳಿಗೆ ನೀರು ಎಲ್ಲಿಂದಲೋ ಒಳಗೆ ಎರಚುತ್ತಿತ್ತು. 2012ರ ದೀಪಾವಳಿ ಕಳೆದ ಮೇಲೆ ಶೆಟ್ಟರು ಅವನನ್ನು ಗಲ್ಲಾದ ಹತ್ತಿರ ಕರೆದರು.

"ಬಚ್ಚ, ಗೋದಾಮ್ ಖಾಲಿ ಮಾಡುವ. ಆ ತಗಡನ್ನೆಲ್ಲ ಗುಜ್ರಿಯವ್ರಿಗೆ ಕೊಟ್ಬಿಡ್."

ಬಚ್ಚ ಈ ಸಲ ನೆಲ ನೋಡಲಿಲ್ಲ. "ಬ್ಯಾಡ ಶೆಟ್ರೆ. ಬ್ಯಾರೆ ಯಾರಾರೂ ಇಂಥದ್ದೇ ಕಟ್ತಿದ್ರೆ ಅವ್ರಿಗೆ ಕೊಡಿ. ನೀವ್ ಹಾರ್ಸುದ್ ಬ್ಯಾಡ, ಅವ್ರ್ ಹಾರ್ಸ್ಲಿ. ಗುಜ್ರಿಗ್ ಕೊಟ್ರೆ ಕಡಾಯಿ ಮಾಡ್ತ್ರ್."

ಶೆಟ್ಟರು ಎಣಿಸುತ್ತಿದ್ದ ಚಿಲ್ಲರೆ ಕೆಳಗಿಟ್ಟರು. "ನೀ ಇಷ್ಟುದ್ದ ಮಾತಾಡುದ್ ನಾ ಇವತ್ತೇ ಕೇಂಡದ್ದ್," ಎಂದರು. ಹಳೆಯ ಪರಿಚಯದವರಿಗೆ ಒಂದೊಂದಾಗಿ ಫೋನು ಹೋಯಿತು. ಕೊನೆಗೆ ಮೈಸೂರಿನಲ್ಲಿ ಒಬ್ಬರು ಸಿಕ್ಕರು. ಹೆಸರು ಕುಶಾಲಪ್ಪ. ವಾಯುಪಡೆಯ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಅದೇ ಮಾದರಿಯ ವಿಮಾನದ ರೆಕ್ಕೆ, ಒಡಲು ಅವರ ಹತ್ತಿರ ಇತ್ತು. ಬಾಲ ಮಾತ್ರ ಸಾಗಣೆಯಲ್ಲಿ ಜಖಂ ಆಗಿತ್ತು.

ಕುಶಾಲಪ್ಪ ಬಂದ ದಿನ ಬಚ್ಚ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅವರು ಚಾ ಕುಡಿಯದೆ ನೇರ ಗೋದಾಮಿಗೆ ನಡೆದರು. ನಿಂತ ರೆಕ್ಕೆ ನೋಡಿದರು, ಚುಕ್ಕಾಣಿ ಆಡಿಸಿದರು, ಮಲಗುವ ರೆಕ್ಕೆಯ ಒಳಗೆ ಟಾರ್ಚು ಬಿಟ್ಟು ರಿವೆಟ್ಟುಗಳನ್ನು ನೋಡಿದರು. "ಒಳಗಿಂದ ಹಿಡಿದದ್ದು ನೀನಾ? ಚೆನ್ನಾಗಿ ಹಿಡಿದಿದ್ದೀಯ," ಎಂದರು. ಬಚ್ಚನ ಕಿವಿ ಕೆಂಪಾಯಿತು.

ಆಮೇಲೆ ಏರಿಳಿ ಹಲಗೆ. ಅದನ್ನು ಕೀಲಿನ ಎರಡು ತುದಿಯಲ್ಲಿ ಹಗ್ಗ ಕಟ್ಟಿ ತೂಗುಹಾಕಿದರು. ಮುಂಭಾಗದಲ್ಲಿ ಸೀಸ ತುಂಬಿರುತ್ತದೆ, ಬಲೆಯ ಅಂಚಿಗೆ ಕಟ್ಟುವಂಥದ್ದೇ ಸೀಸ. ಅದರ ಭಾರಕ್ಕೆ ಹಲಗೆ ತಕ್ಕಡಿಯ ಹಾಗೆ ಸಮವಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಹಿಂದಿನ ಅಂಚು ಸತ್ತ ಮೀನಿನ ಬಾಲದಂತೆ ಕೆಳಗೆ ಇಳಿಯಿತು. ಕುಶಾಲಪ್ಪ ಹಲಗೆಯನ್ನು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ನೀರು ಕುಲುಕಿತು.

"ಅಡಿಯಲ್ಲಿ ನೀರು ಹೋಗುವ ತೂತು ಇರಬೇಕಿತ್ತಲ್ಲ. ಎಲ್ಲಿ?"

ಅವರ ಜೊತೆ ಒಳಗೆ ಬಂದಿದ್ದ ಶೆಟ್ಟರು ಹಲಗೆಯ ಅಡಿಯನ್ನು ಕೈಯಲ್ಲಿ ತಡಕಿದರು. "ನಾ ಕೊರ್ದಿದ್ದೆ. ಎರಡಕ್ಕೂ ಕೊರ್ದಿದ್ದೆ. ಪುಸ್ತಕದಲ್ಲಿ ಇತ್ತ್."

ಬಚ್ಚನಿಗೆ ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತ ಹಾಗಾಯಿತು. ಓಡಿಹೋಗಲು ಬಾಗಿಲು ತೆರೆದೇ ಇತ್ತು. ಅವನು ನಿಂತ. "ನಾ ಮುಚ್ದೆ," ಎಂದ. "ಕೈ ತಪ್ಪಿ ಬಿದ್ದದ್ದ್ ಅಂತ ಗ್ರೇಶ್ದೆ. ನಿಮ್ಗೆ ಬೇಜಾರ್ ಆಪುದ್ ಬ್ಯಾಡ ಅಂತ ಹೇಳ್ಲಿಲ್ಲೆ."

ಕುಶಾಲಪ್ಪ ಒಂದು ರಿವೆಟ್ ಕೊರೆದು ತಗಡಿನ ಮೂಲೆ ಎತ್ತಿದರು. ಕಂದು ನೀರು ಸುರಿಯಿತು. ಒಳಗೆ ಅಲ್ಯೂಮಿನಿಯಂ ಬಿಳಿ ಹಿಟ್ಟು ಹಿಡಿದು ತಿಂದುಹೋಗಿತ್ತು. ಗಾಳಿಯಲ್ಲಿರುವ ತೇವವೇ ಒಳಗೆ ಹನಿಗಟ್ಟುತ್ತದೆ, ಅದಕ್ಕೆ ಹೋಗಲು ದಾರಿ ಬೇಕು, ದೋಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು ಅವರು ಸಿಟ್ಟಿಲ್ಲದೆ ಹೇಳಿದರು. ಹಿಂದಿನ ಅಂಚು ಹೀಗೆ ಭಾರವಾದರೆ ವೇಗದಲ್ಲಿ ಹಲಗೆ ನಡುಗಲು ಶುರುವಾಗುತ್ತದೆ. ಆ ನಡುಕ ನಿಲ್ಲುವುದು ಬಾಲ ಕಿತ್ತುಹೋದ ಮೇಲೆ. "ಉಳಿದ ಮೂರು ತುಂಡು ಕೊಂಡೊಯ್ಯುತ್ತೇನೆ. ಈ ಎರಡು ಆಗುವುದಿಲ್ಲ. ನಾನೇ ಬೇರೆ ಕಟ್ಟುತ್ತೇನೆ."

ಅವರು ಚಾ ಕುಡಿಯಲು ಹೋದರು. ಶೆಟ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

"ನಂಗೆ ಕಣ್ಣ್ ಕಾಣ್ತಿಲ್ಲೆ ಅಂತ ನಿಂಗೆ ಆಗ್ಳೇ ಗೊತ್ತಿತ್ತಾ?"

"ಹೌದ್."

"ನಂಗೇ ಗೊತ್ತಿರ್ಲಿಲ್ಲೆ ಮಾರಾಯ." ಹಲಗೆಯ ಅಂಚು ಸವರುತ್ತಾ ಹೇಳಿದರು, "ಮೂರ್ ತಟ್ಟ್ ಅಂತ ಹೇಳಿದ್ದೆ ಅಲ್ದಾ? ತಟ್ಟುಕಿತ್ತ್."

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಬಚ್ಚ ಹೊರಗೆ ಹೋಗಿ ಕುಶಾಲಪ್ಪನವರ ಎದುರು ನಿಂತು, ತಗಡು ತರಿಸಿಕೊಟ್ಟರೆ ಎರಡು ಹಲಗೆಯನ್ನೂ ತಾನೇ ಹೊಸದಾಗಿ ಕಟ್ಟಿಕೊಡುತ್ತೇನೆ, ಸರಿಬರದಿದ್ದರೆ ಬಿಸಾಡಿ ಎಂದ. ಅವರು ಅವನ ಮುಖವನ್ನೇ ನೋಡಿದರು. ಆಮೇಲೆ ಆಗಲಿ ಎಂದರು.

ಹೊಸ ತಗಡು ಬಂದಾಗ ಇನ್ನೊಂದು ಕೈ ಬೇಕಾಯಿತು. ಈಗ ಗಾಳಿ ಸುತ್ತಿಗೆ ಬಚ್ಚನ ಕೈಯಲ್ಲಿ, ಒಳಗಿನ ಗಟ್ಟಿ ವನಜಳ ಕೈಯಲ್ಲಿ. ಪುಸ್ತಕವನ್ನು ಪ್ರಫುಲ್ಲಾ ಒಂದೊಂದೇ ಅಕ್ಷರ ಹೇಳಿದರೆ ಶೆಟ್ಟರು ಕೇಳಿ ಅರ್ಥ ಹೇಳುತ್ತಿದ್ದರು. ವನಜಳಿಗೆ ಮೂರು ತಟ್ಟಲು ಯಾವ ಸಂಕೋಚವೂ ಇರಲಿಲ್ಲ. ತಟ್ಟಿದ್ದು ಸಾಲದೆಂದು ಬಾಯಲ್ಲೂ ಹೇಳುತ್ತಿದ್ದಳು. "ಕೆಟ್ಟೋಯ್ತ್. ಮನ್ಸ್ ಎಲ್ಲಿತ್ತ್ ನಿಮ್ದ್?"

ಶೆಟ್ಟರು ಸ್ಟೂಲಿನಿಂದ ಹೇಳಿದರು, "ಬಚ್ಚ, ಮೊದ್ಲೇ ಇವ್ಳನ್ನ ಮದಿ ಆಯ್ಕಿತ್ತ್ ನೀ. ನನ್ನ ವಿಮಾನ ಹಾರ್ತಿತ್ತ್."

ಕೊನೆಯ ದಿನ ಬಚ್ಚ ಡ್ರಿಲ್ ಹಿಡಿದು ಹಲಗೆಯ ಅಡಿಯ ಮೂಲೆಗೆ ಗುರುತು ಹಾಕಿದ. ಕೈ ಮುಂದೆ ಹೋಗಲಿಲ್ಲ. ಹುಡುಗನಾಗಿದ್ದಾಗಿನಿಂದ ಮುಚ್ಚಿಯೇ ಬದುಕಿದ ಕೈ ಅದು. ತಾನೇ ಕಟ್ಟಿದ್ದಕ್ಕೆ, ತಾನೇ ಬೇಕೆಂದು, ಅಡಿಯಲ್ಲಿ ತೂತು ಕೊರೆಯಬೇಕು. ವನಜ ಪಕ್ಕದಲ್ಲಿ ನಿಂತಿದ್ದಳು, ಅಪರೂಪಕ್ಕೆ ಸುಮ್ಮನೆ. ಬಚ್ಚ ಉಸಿರು ಹಿಡಿದು ಒತ್ತಿದ. ತಗಡಿನ ಸುರುಳಿ ನೆಲಕ್ಕೆ ಬಿತ್ತು. ಆಮೇಲೆ ಹಲಗೆಯನ್ನು ಬಾವಿಕಟ್ಟೆಯ ಹತ್ತಿರ ಕೊಂಡೊಯ್ದು ಮೇಲಿನ ಸಂದಿಯಿಂದ ಒಂದು ಚೊಂಬು ನೀರು ಹೊಯ್ದ, ಅಡಿಯಲ್ಲಿ ಕುಕ್ಕರುಗಾಲಲ್ಲಿ ಕೂತ. ತೂತಿನಿಂದ ನೀರು ದಾರದಂತೆ ಇಳಿಯಿತು, ಹನಿಯಾಯಿತು, ಕೊನೆಯ ಹನಿಯೂ ಬಿತ್ತು. ಶೆಟ್ಟರು ಕಿವಿಗೊಟ್ಟು ಕೇಳುತ್ತಿದ್ದರು.

"ಪೂರಾ ಹೋಯ್ತಾ?"

"ಹೋಯ್ತ್."

"ಹಾಂಗಾರೆ ಚಾ ತರ್ಸುವ," ಎಂದರು ಶೆಟ್ಟರು. ಬಚ್ಚ ಸುಬ್ಬಣ್ಣನ ನೆನಪಾಗಿ ಮುಖ ತಿರುಗಿಸಿಕೊಂಡ.

ಹಲಗೆಗಳು ಹಗ್ಗದ ಮೇಲೆ ಸಮವಾಗಿ ನಿಂತವು. ಬಾಲದ ಐದು ತುಂಡುಗಳನ್ನು ಬೈಹುಲ್ಲು, ಹಳೆ ಕಂಬಳಿ ಸುತ್ತಿ ಪಿಕಪ್ ಗಾಡಿಯಲ್ಲಿ ಕಟ್ಟಿದರು. ಗಾಡಿ ಬ್ರಹ್ಮಾವರದ ದಿಕ್ಕಿಗೆ ಹೋಯಿತು. ಗೋದಾಮಿನಲ್ಲಿ ಬಾಲ ಕಟ್ಟಲು ನಿಲ್ಲಿಸಿದ್ದ ಮರದ ಹಂದರ ಖಾಲಿಯಾಗಿ ಉಳಿಯಿತು. ಶೆಟ್ಟರು ಅದನ್ನು ತೆಗೆಸಲಿಲ್ಲ. ಬಚ್ಚ ಮತ್ತೆ ಆರು ದಿನವೂ ಕೋಡಿಯಲ್ಲೇ ಕೆಲಸ ಮಾಡತೊಡಗಿದ. ಬಜಪೆ ನಿಲ್ದಾಣಕ್ಕೆ ಹೋಗುವ ದೊಡ್ಡ ವಿಮಾನದ ಸದ್ದಿಗೂ ತಲೆ ಎತ್ತುತ್ತಿದ್ದ, ಅದಲ್ಲ ಎಂದು ಗೊತ್ತಿದ್ದೂ. ಭಾನುವಾರ ಏನು ಮಾಡುವುದೆಂದು ತಿಳಿಯದೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಿದ್ದ. ಒಂದು ವರ್ಷ ಮೈಸೂರಿನಿಂದ ಸುದ್ದಿಯೇ ಇಲ್ಲ. ಎರಡನೆಯ ವರ್ಷ, ಹಾರಿಸಲು ದಿಲ್ಲಿಯ ಅನುಮತಿಪತ್ರಕ್ಕೆ ಕಾಯುತ್ತಿದ್ದೇನೆ ಎಂದು ಒಂದು ಫೋನು. 2014ರ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಇನ್ನೊಂದು ಫೋನು ಬಂತು. ಪರೀಕ್ಷೆಯ ಹಾರಾಟ ನಡೆಯುತ್ತಿದೆ, ಬರುವುದಾದರೆ ಬಾ.

ಬಚ್ಚ ಕೋಟಕ್ಕೆ ಓಡಿದ. ಶೆಟ್ಟರು ಗಲ್ಲಾದಿಂದ ಏಳಲಿಲ್ಲ. "ನಾ ಬಂದ್ ಎಂತ ಕಾಂಬುದ್? ನೀ ಕಂಡ್ಕಂಡ್ ಬಾ. ಬಂದ್ ಹೇಳ್ ಅಷ್ಟೇ." ಅವರು ಮೇಜು ಒರೆಸುತ್ತಲೇ ಇದ್ದರು, ಒರೆಸಿದ್ದನ್ನೇ.

ಮೈಸೂರಿನ ಹೊರಗಿನ ಆ ಬಯಲಿಗೆ ಬಚ್ಚನೂ ವನಜಳೂ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ತಲುಪಿದರು. ವಿಮಾನ ಸಣ್ಣದು, ಬಿಳಿಯದು, ಎರಡು ಸೀಟಿನದು. ಮುಂಭಾಗ ಹೇಗಿತ್ತು ಎಂದು ಬಚ್ಚನಿಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಅವನು ನೇರ ಹಿಂದೆ ಹೋಗಿ ಏರಿಳಿ ಹಲಗೆಯ ಅಡಿಗೆ ಅಂಗೈ ಸವರಿದ. ಬಣ್ಣದಡಿಯಲ್ಲಿ ಸಾಲು ರಿವೆಟ್ಟುಗಳು ಕೈಗೆ ಸಿಕ್ಕವು. ತೂತು ತೆರೆದೇ ಇತ್ತು.

"ಪರೀಕ್ಷೆ ಮುಗಿಯುವವರೆಗೆ ಇನ್ನೊಬ್ಬರನ್ನು ಕೂರಿಸುವಂತಿಲ್ಲ ಬಚ್ಚ," ಎಂದರು ಕುಶಾಲಪ್ಪ. ಬಚ್ಚ ತಲೆಯಾಡಿಸಿದ. ಅವನು ಕೇಳಿರಲಿಲ್ಲ.

ಬೆಳಗಿನ ಜಾವ ಮಳೆ ಬಂದು ನಿಂತಿತ್ತು. ವಿಮಾನ ಬಯಲಿನ ತುದಿಗೆ ಹೋಗಿ ತಿರುಗಿ ನಿಂತು, ನೀರು ಚಿಮ್ಮಿಸುತ್ತಾ ಓಡಿತು. ಏರಿಳಿ ಹಲಗೆ ಎರಡೂ ಒಟ್ಟಿಗೆ ಮೇಲೆ ಬಾಗಿದವು. ನೆಲ ಬಿಟ್ಟಿತು. ಅವರಿಬ್ಬರೂ ನಿಂತಲ್ಲಿಂದ ಕಂಡದ್ದು ಬಾಲ ಮಾತ್ರ, ದೂರ ಹೋಗುತ್ತಾ ಸಣ್ಣದಾಗುತ್ತಾ. ಆಮೇಲೆ ಅದು ಒಂದು ಬದಿಗೆ ಓರೆಯಾಯಿತು, ಕೋಡಿಯ ಹದ್ದಿನ ಹಾಗೆಯೇ.

"ಶಿರೂರಗೆ ಅಪ್ಪಯ್ಯ ಕಡ್ಲಿಗ್ ಹೋಪತ್ತಿಗೆ ನಾವ್ ದಡದಗೆ ನಿಂತ್ಕಂಡ್ ಕಾಂತಿತ್ತ್," ಎಂದಳು ವನಜ, ಕಣ್ಣಿಗೆ ಕೈ ಅಡ್ಡ ಹಿಡಿದು. "ದೋಣಿ ಮೋರೆ ಕಾಂತಿರ್ಲಿಲ್ಲೆ. ಹಿಂದಿನ ಬದಿಯೇ. ಅದ್ ಕಾಂಬಷ್ಟ್ ಹೊತ್ತ್ ನಿಲ್ಲುದ್, ಅಷ್ಟೇ."

ಅವರು ಅಷ್ಟು ಹೊತ್ತೂ ನಿಂತರು.

ಇಳಿದು ಬಂದು ಎಂಜಿನ್ ನಿಂತ ಮೇಲೆ ಬಚ್ಚ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಅಂಗೈ ಒಡ್ಡಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಣ್ಣಗಿನ ಒಂದು ಹನಿ ಬಿತ್ತು. ಅದರ ಹಿಂದೆ ಇನ್ನೊಂದು. ಒದ್ದೆ ಕೈಯಲ್ಲೇ ವನಜಳಿಂದ ಮೊಬೈಲು ತೆಗೆದುಕೊಂಡು ಕೋಟಕ್ಕೆ ಫೋನು ಮಾಡಿದ. ಆಚೆ ಹೋಟೆಲಿನ ಗದ್ದಲ ಕೇಳುತ್ತಿತ್ತು.

"ಹಾರ್ತಾ?" ಎಂದರು ಶೆಟ್ಟರು.

"ಹಾರ್ತ್."

"ನೀರ್?"

"ಹನಿ ಬೀಳ್ತಿತ್ತ್."

ಆಚೆ ಗ್ಲಾಸುಗಳ ಸದ್ದು, ಯಾರೋ ಬಿಲ್ಲು ಕೇಳುವ ದನಿ. ಆಮೇಲೆ ಗಲ್ಲಾದ ಮೇಜಿನ ಮೇಲೆ, ಫೋನಿಗೆ ತೀರಾ ಹತ್ತಿರ, ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದ ಸದ್ದು ಕೇಳಿಸಿತು.

ಇನ್ನೊಂದು ಬರುತ್ತದೋ ಎಂದು ಬಚ್ಚ ಕಾದ. ಬರಲಿಲ್ಲ.